ರೆಪ್ಪೆಮಡಿಕೆಯ ಹೊಲಿಗೆ ಚಿಕಿತ್ಸೆ

ಮೇಲ್ರೆಪ್ಪೆಯನ್ನು ಉದ್ದಕ್ಕೆ ಕೊಯ್ಯದೆ, ದಾರದ ಹೊಲಿಗೆಯಿಂದಲೇ ಅದರಲ್ಲಿ ಮಡಿಕೆ ಮೂಡಿಸುವ ಶಸ್ತ್ರಕ್ರಿಯೆ. ಜಪಾನ್, ಕೊರಿಯಾ, ಚೀನಾ, ತೈವಾನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ರೆಪ್ಪೆಯನ್ನೆತ್ತುವ ಸ್ನಾಯುವಿನ ಎಳೆಗಳು ಚರ್ಮಕ್ಕೂ ಅಂಟಿಕೊಂಡಿದ್ದರೆ ಕಣ್ಣು ತೆರೆದಾಗ ಗೆರೆ ಬೀಳುತ್ತದೆ. ಪೂರ್ವ ಏಷ್ಯಾದ ಅನೇಕರಲ್ಲಿ ಈ ಹಿಡಿತ ದುರ್ಬಲ. ಕಣ್ಣುಗುಳಿಯ ಕೊಬ್ಬು ಕೆಳಗಿಳಿದು ಅಡ್ಡ ಬರುವುದೂ ಉಂಟು. ಆ ಹಿಡಿತವನ್ನು ಕಟ್ಟಿಕೊಡುವುದೇ ಹೊಲಿಗೆಯ ಕೆಲಸ.

ಇದರ ಮೊದಲ ವರದಿಯನ್ನು 1896ರಲ್ಲಿ ಪ್ರಕಟಿಸಿದವನು ಜಪಾನಿನ ವೈದ್ಯ ಮಿಕಾಮೊ. ಅವನ ಬಳಿ ಬಂದ ಮಹಿಳೆಗೆ ಒಂದು ಕಣ್ಣಿನಲ್ಲಿ ಮಡಿಕೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ರೆಪ್ಪೆಯಂಚಿನಿಂದ 6–8 ಮಿ.ಮೀ. ಮೇಲೆ, ರೆಪ್ಪೆಯ ಪೂರ್ತಿ ದಪ್ಪಕ್ಕೆ ಮೂರು ರೇಷ್ಮೆ ಹೊಲಿಗೆ ಹಾಕಿ, 2ರಿಂದ 6 ದಿನಗಳಲ್ಲಿ ದಾರ ಬಿಚ್ಚುವುದು ಅವನ ಕ್ರಮ. ಮಡಿಕೆ ಎಷ್ಟು ಆಳವಾಗಿರಬೇಕೆಂಬುದನ್ನು ದಾರ ಬಿಡುವ ದಿನಗಳಿಂದಲೇ ಹದ ಮಾಡುತ್ತಿದ್ದ.

ಈ ಚಿಕಿತ್ಸೆ ಅಮೆರಿಕನ್ನರಿಂದ ಬಂತೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕೊರಿಯಾ ಯುದ್ಧದ ಬೆನ್ನಿಗೇ ಅಲ್ಲಿಗೆ ಹೋಗಿದ್ದ ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲಾರ್ಡ್ 1955ರಲ್ಲಿ ಬರೆದ ಲೇಖನದಿಂದ ಹುಟ್ಟಿದ ಕಥೆಯಿದು. ಮಿಲಾರ್ಡ್ ಮಾಡಿದ್ದು ಕೊಯ್ಯುವ ಶಸ್ತ್ರಕ್ರಿಯೆ. ಅಷ್ಟು ಹೊತ್ತಿಗೆ ಜಪಾನಿನ ಹೊಲಿಗೆಗೆ ಅರ್ಧ ಶತಮಾನ ದಾಟಿತ್ತು. 1926ರಲ್ಲೇ ಉಚಿದಾ ಎಂಬ ವೈದ್ಯ 1,523 ರೆಪ್ಪೆಗಳ ಅನುಭವವನ್ನು ವರದಿ ಮಾಡಿದ್ದ. ಆ ರೋಗಿಗಳಲ್ಲಿ ಗಂಡಸರೂ ನೂರಾರು ಮಂದಿ ಇದ್ದರು. ಜಪಾನೀಯರಲ್ಲೇ ಸಹಜ ಮಡಿಕೆ ಇರುವವರು ಬಹಳ. ಹಾಗಾಗಿ ಇದನ್ನು ಬರೀ ಬಿಳಿಯರ ಅನುಕರಣೆ ಎಂದು ತಳ್ಳಿಹಾಕುವುದು ಅವಸರದ ಮಾತು.

1929ರಲ್ಲಿ ಮಾರುವೊ ಕೊಯ್ತ, ಹೊಲಿಗೆ ಎರಡನ್ನೂ ವಿವರಿಸಿದ. 1972ರಲ್ಲಿ ಮುತೋ ಹೆಸರಿನ ಇಬ್ಬರು ಜಪಾನೀ ವೈದ್ಯರು ಚರ್ಮದೊಳಗೇ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಮುಂದೆ ದಾರವನ್ನು ಒಳಗೇ ಹೂತುಬಿಡುವ ಪದ್ಧತಿ ಬೇರೂರಿತು. ಕೂದಲಿನಷ್ಟು ಸಣ್ಣ ನೈಲಾನ್ ದಾರ ಬಳಕೆಗೆ ಬಂತು. ವೈದ್ಯರು ಮೊದಲು ಬಾಗಿದ ತೆಳು ಕಡ್ಡಿಯಿಂದ ರೆಪ್ಪೆಯನ್ನು ಒತ್ತಿ, ಕನ್ನಡಿ ಹಿಡಿದು ಗೆರೆಯ ಎತ್ತರ ತೋರಿಸುತ್ತಾರೆ. ರೋಗಿ ಒಪ್ಪಿದ ಮೇಲೆ ಗುರುತು ಹಾಕಿ, ಸೂಜಿಮೊನೆಯಷ್ಟು ರಂಧ್ರಗಳಿಂದ ದಾರ ತೂರಿಸಿ, ಗಂಟನ್ನು ಚರ್ಮದಡಿ ಅಡಗಿಸುತ್ತಾರೆ.

ಬಾವು ಬೇಗ ಇಳಿಯುತ್ತದೆ, ಉದ್ದನೆಯ ಕಲೆ ಉಳಿಯುವುದಿಲ್ಲ, ಬೇಡವೆನಿಸಿದರೆ ದಾರ ತೆಗೆಯಬಹುದು. ಆದರೆ ಕಾಲಕ್ರಮೇಣ ಹೊಲಿಗೆ ಸಡಿಲಿ ಮಡಿಕೆ ಮಾಸುವುದು ಇದರ ಹಳೆಯ ದೋಷ. ಗಂಟು ಹೊರಬರುವುದು, ದಾರ ಕಣ್ಣಿಗೆ ಉಜ್ಜುವುದು ಆಗೀಗ ಕಾಣುವ ತೊಂದರೆಗಳು. ಚರ್ಮ ಜೋತುಬಿದ್ದ ಅಥವಾ ಕೊಬ್ಬು ಹೆಚ್ಚಿರುವ ರೆಪ್ಪೆಗೆ ಇಂದಿಗೂ ಕೊಯ್ತದ ಶಸ್ತ್ರಕ್ರಿಯೆಯೇ ಸೂಕ್ತ.