ಹಿರಿಯರ ಮರೆವಿನ ತಪಾಸಣೆ: ಅಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಈ ಗಾದೆಯನ್ನೇ ನಂಬಿ ಎಷ್ಟೋ ಮನೆಗಳಲ್ಲಿ ತಂದೆ-ತಾಯಿಯ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಆದರೆ ಡಿಮೆನ್ಷಿಯಾ ಅಥವಾ ಮರೆಗುಳಿತನ ಎಂಬುದು ವಯಸ್ಸಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಉಳಿದವರಿಗೆ ಇಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ.

ಕಾಯಿಲೆ ಇದೆಯೋ ಇಲ್ಲವೋ ಎಂದು ತಿಳಿಯುವ ಮೊದಲ ಹೆಜ್ಜೆಯೇ ಮರೆವಿನ ತಪಾಸಣೆ. ವೈದ್ಯರು ಕೆಲವು ಪ್ರಶ್ನೆ ಕೇಳಿ ಅಂಕ ಕೊಡುತ್ತಾರೆ. ಆ ಅಂಕವನ್ನು ಮನೆಯವರು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಮಂತ್ರ ನೆನಪಿದ್ದರೆ ಸಾಕೇ?

ಬೆಳಗಾವಿ ಕೋಟೆಯೊಳಗೆ ಕ್ರಿ.ಶ. 1204ರ ಕಮಲ ಬಸದಿ ಇದೆ. ಅಲ್ಲಿಗೆ ವರ್ಷಗಟ್ಟಲೆ ದರ್ಶನಕ್ಕೆ ಬರುವ ಒಬ್ಬ ಹಿರಿಯ ಶ್ರಾವಿಕೆಯನ್ನು ಕಲ್ಪಿಸಿಕೊಳ್ಳೋಣ. ನೇಮಿನಾಥ ಭಗವಂತರ ಮುಂದೆ ನಿಂತು ಣಮೋಕಾರ ಮಂತ್ರವನ್ನು ಒಂದಕ್ಷರ ತಪ್ಪದೆ ಹೇಳುತ್ತಾರೆ. ಹೊರಗೆ ಬಂದರೆ ಯಾರ ಜೊತೆ ಬಂದೆ ಎಂಬುದು ನೆನಪಿಲ್ಲ. ‘ಮಂತ್ರ ಎಲ್ಲಾ ಬರ್ತದ, ಆಯಿಗೆ ಏನೂ ಆಗಿಲ್ಲ’ ಎಂದು ಮಕ್ಕಳು ಸಮಾಧಾನಪಡುತ್ತಾರೆ.

ಇಲ್ಲಿಯೇ ಎಡವುವುದು. ಬಾಲ್ಯದಿಂದ ದಿನವೂ ಹೇಳಿದ ಮಂತ್ರ, ಸ್ತೋತ್ರ, ಮಗ್ಗಿ ಇವು ಕಾಯಿಲೆ ಬಂದರೂ ಬಹುಕಾಲ ಉಳಿಯುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುದು ಹೊಸ ನೆನಪು: ಬೆಳಿಗ್ಗೆ ಯಾರು ಬಂದಿದ್ದರು, ಔಷಧ ತೆಗೆದುಕೊಂಡೆನೋ ಇಲ್ಲವೋ, ಈಗಷ್ಟೇ ಏನು ಕೇಳಿದೆ ಎಂಬುದು. ಆದ್ದರಿಂದ ತಪಾಸಣೆಯಲ್ಲಿ ಹೊಸ ಶಬ್ದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುತ್ತಾರೆ.

ಯಾವ ಯಾವ ತಪಾಸಣೆಗಳಿವೆ?

ಮಿನಿ-ಕಾಗ್: ಮೂರು ನಿಮಿಷದ್ದು. ಮೂರು ಶಬ್ದ ನೆನಪಿಡಬೇಕು, ನಡುವೆ ಗಡಿಯಾರದ ಚಿತ್ರ ಬರೆದು ಹೇಳಿದ ಸಮಯಕ್ಕೆ ಮುಳ್ಳು ತೋರಿಸಬೇಕು. ಶಬ್ದಗಳಿಗೆ 3, ಗಡಿಯಾರಕ್ಕೆ 2, ಒಟ್ಟು 5 ಅಂಕ. 3ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕು.

ಎಂಎಂಎಸ್‌ಇ: 1975ರಿಂದ ಬಳಕೆಯಲ್ಲಿದೆ, 30 ಅಂಕ. ದಿನ, ಸ್ಥಳ, ನೆನಪು, ಲೆಕ್ಕ, ಓದು, ಬರಹ ಎಲ್ಲವೂ ಇದೆ. 24ಕ್ಕಿಂತ ಕಡಿಮೆ ಬಂದರೆ ಸಂಶಯ ಎಂಬುದು ರೂಢಿ.

ಮೋಕಾ: 2005ರಲ್ಲಿ ಬಂದದ್ದು, ಇದೂ 30 ಅಂಕ. ಆರಂಭದ ಸಣ್ಣ ಕೊರತೆಯನ್ನೂ ಹಿಡಿಯುತ್ತದೆ, ಆದರೆ ಕಠಿಣ. 26ಕ್ಕಿಂತ ಕಡಿಮೆ ಎಂಬುದು ಮೂಲ ಗಡಿ. ಶಾಲೆ 12 ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದು ಅಂಕ ಸೇರಿಸುತ್ತಾರೆ.

ಎಚ್‌ಎಂಎಸ್‌ಇ: ಓದು ಬಾರದವರಿಗಾಗಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ತಯಾರಾಗಿ 1995ರಲ್ಲಿ ಪ್ರಕಟವಾಯಿತು. ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿಸುವ ಬದಲು, ‘ನಾನು ಮಾಡಿದಂತೆ ಮಾಡಿ’ ಎಂದು ಹೇಳಿ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸುತ್ತಾರೆ.

ಎಸಿಇ-3: 100 ಅಂಕದ ದೊಡ್ಡ ಪರೀಕ್ಷೆ. ಇದನ್ನು ಕನ್ನಡಕ್ಕೂ ಹೊಂದಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳ ಸಂಚಯವೂ ಕನ್ನಡ ಸೇರಿ ಐದು ಭಾಷೆಗಳಲ್ಲಿದೆ.

ಅಂಕ ಕಡಿಮೆ ಬಂದರೆ ಕಾಯಿಲೆಯೇ?

ಅಲ್ಲ. ಬೆಳಗಾವಿ, ಖಾನಾಪುರ ಭಾಗದಲ್ಲಿ ಕನ್ನಡ, ಮರಾಠಿ ಎರಡೂ ನಡೆಯುವ ಮನೆಗಳು ಬಹಳ. ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಕಲಿತ ತಾಯಿಗೆ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅಂಕ ಇಳಿಯುತ್ತದೆ. ತಾರೀಖು ಎಷ್ಟು ಎಂದರೆ ಗೊತ್ತಿಲ್ಲ, ಆದರೆ ನಾಳೆ ಚತುರ್ದಶಿ ಎಂದು ಸರಿಯಾಗಿ ಹೇಳುತ್ತಾರೆ. ಪೆನ್ಸಿಲ್ ಹಿಡಿದೇ ಐವತ್ತು ವರ್ಷ ಆಗಿರುವವರಿಗೆ ಗಡಿಯಾರದ ಚಿತ್ರವೇ ಕಷ್ಟ. ಕಿವಿ ಮಂದವಾಗಿದ್ದರೆ, ಕನ್ನಡಕ ಮನೆಯಲ್ಲಿ ಉಳಿದಿದ್ದರೆ, ರಾತ್ರಿ ನಿದ್ದೆ ಇಲ್ಲದಿದ್ದರೆ ಆಗಲೂ ಅಂಕ ಕಡಿಮೆಯೇ.

ಇದಕ್ಕೆ ವಿರುದ್ಧವಾದದ್ದೂ ಉಂಟು. ಚೆನ್ನಾಗಿ ಓದಿದವರು, ವ್ಯಾಪಾರದಲ್ಲಿ ಪಳಗಿದವರು ಕಾಯಿಲೆ ಶುರುವಾಗಿದ್ದರೂ 27-28 ಅಂಕ ತೆಗೆಯಬಹುದು. ಮನೆಯವರು ಬದಲಾವಣೆ ಕಂಡಿದ್ದರೆ, ಅಂಕ ಚೆನ್ನಾಗಿದೆ ಎಂದು ಕೈಬಿಡಬಾರದು.

ಆದ್ದರಿಂದ ಎಷ್ಟು ಓದಿದ್ದಾರೆ, ಮನೆಯ ಮಾತು ಯಾವುದು, ಕಿವಿ-ಕಣ್ಣು ಹೇಗಿದೆ ಎಂದು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೇಕಿದ್ದರೆ ಮರಾಠಿಯಲ್ಲಿ ಕೇಳುವಂತೆ ವಿನಂತಿಸಬೇಕು. ಹಿರಿಯರಿಗೆ ಪಕ್ಕದಿಂದ ಉತ್ತರ ಹೇಳಿಕೊಡಬಾರದು. ಮೊಬೈಲಿನಲ್ಲಿ ಪ್ರಶ್ನೆ ಹುಡುಕಿ ಮನೆಯಲ್ಲಿ ಅಭ್ಯಾಸ ಮಾಡಿಸಬಾರದು. ಹಾಗೆ ಗಳಿಸಿದ ಅಂಕ ವೈದ್ಯರ ದಾರಿ ತಪ್ಪಿಸುತ್ತದೆ.

ಮನೆಯವರ ಹೇಳಿಕೆಯೂ ಪರೀಕ್ಷೆಯೇ

ಎಡಿ-8 ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು ಸಾಮಾನ್ಯವಾಗಿ ಹತ್ತಿರದಿಂದ ನೋಡಿದ ಮನೆಯವರಿಗೇ ಕೇಳುತ್ತಾರೆ. ಎರಡು ಅಥವಾ ಹೆಚ್ಚು ವಿಷಯಗಳಲ್ಲಿ ಬದಲಾವಣೆ ಆಗಿದ್ದರೆ ಮುಂದಿನ ತಪಾಸಣೆ ಬೇಕು. ಇಲ್ಲಿ ‘ಬದಲಾವಣೆ’ ಎಂಬ ಶಬ್ದವೇ ಮುಖ್ಯ. ಜೀವನಪೂರ್ತಿ ಲೆಕ್ಕ ಬಾರದವರಿಗೆ ಈಗಲೂ ಬಾರದಿದ್ದರೆ ಅದು ರೋಗವಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದವರು ಚಿಲ್ಲರೆ ಕೊಡಲು ತಡವರಿಸಿದರೆ ಗಮನಿಸಬೇಕು.

ವೈದ್ಯರಲ್ಲಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು: ಮರೆವು ಯಾವಾಗಿನಿಂದ, ನಿಧಾನವಾಗಿ ಬಂತೋ ಒಮ್ಮೆಲೆ ಬಂತೋ, ಹಣ, ಅಡಿಗೆ, ಔಷಧ, ದಾರಿ ಇವುಗಳಲ್ಲಿ ಏನು ತಪ್ಪಿದೆ, ಇತ್ತೀಚೆಗೆ ಬಿದ್ದಿದ್ದಾರೆಯೇ, ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ.

ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ತಪಾಸಣೆಗಾಗಿ ಕಾಯಬಾರದು. ಸೋಂಕು, ನೀರಿನ ಕೊರತೆ, ಸೋಡಿಯಂ ಅಥವಾ ಸಕ್ಕರೆ ಇಳಿಯುವುದು, ಪಾರ್ಶ್ವವಾಯು ಕಾರಣವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಜೈನ ಮನೆಗಳು ವಿಶೇಷವಾಗಿ ಗಮನಿಸಬೇಕಾದದ್ದು

ಮೊದಲನೆಯದು ಬಿ12 ಜೀವಸತ್ವ. ಸಸ್ಯಾಹಾರದಲ್ಲಿ ಇದು ಮುಖ್ಯವಾಗಿ ಹಾಲು, ಮೊಸರಿನಿಂದ ಸಿಗಬೇಕು. ವಯಸ್ಸಾದಂತೆ ಊಟ ಕಡಿಮೆಯಾಗುತ್ತದೆ, ಹೀರಿಕೆಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ, ಬಹುಕಾಲ ನುಂಗುವ ಆಮ್ಲಪಿತ್ತದ ಗುಳಿಗೆ ಇವೂ ಬಿ12 ಕಡಿಮೆ ಮಾಡಬಲ್ಲವು. ಕೊರತೆಯಾದರೆ ಮರೆವು, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ ಬರಬಹುದು. ಬೇಗ ಗೊತ್ತಾದರೆ ಸುಧಾರಿಸುವ ಅವಕಾಶ ಹೆಚ್ಚು. ಔಷಧದ ಬಿ12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಕ್ಯಾಪ್ಸೂಲಿನ ಹೊದಿಕೆಯಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು ಎಂಬ ಚಿಂತೆ ಇದ್ದವರು ಗುಳಿಗೆ ಅಥವಾ ಇಂಜೆಕ್ಷನ್ ಕೇಳಬಹುದು.

ಎರಡನೆಯದು ವ್ರತ. ಪರ್ಯುಷಣ, ದಶಲಕ್ಷಣ ಪರ್ವಗಳಲ್ಲಿ ಏಕಾಶನ, ಉಪವಾಸ ಮಾಡುವ ಹಿರಿಯರು ಸಕ್ಕರೆ ಕಾಯಿಲೆಯ ಔಷಧವನ್ನು ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಇಳಿದು ಗೊಂದಲವಾಗಬಹುದು. ಅಂಥ ದಿನ ಮರೆವಿನ ತಪಾಸಣೆ ಇಟ್ಟುಕೊಳ್ಳಬಾರದು. ಮರೆವು ಇರುವವರು ಪಾರಣೆ ಆಯಿತೋ ಇಲ್ಲವೋ ಎಂದೇ ಮರೆಯಬಹುದು, ಗುಳಿಗೆ ಎರಡು ಸಲ ನುಂಗಬಹುದು. ವ್ರತದ ವಿಷಯವನ್ನು ವೈದ್ಯರ ಮುಂದೆಯೂ ತ್ಯಾಗಿಗಳ ಮುಂದೆಯೂ ಮೊದಲೇ ಇಟ್ಟು ಸಲಹೆ ಪಡೆಯುವುದು ಕ್ಷೇಮ.

ತಪಾಸಣೆಯ ನಂತರ

ಸಂಶಯ ಉಳಿದರೆ ರಕ್ತದಲ್ಲಿ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಸ್ಥಿತಿ ನೋಡುತ್ತಾರೆ. ಮೆದುಳಿನ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗಬಹುದು. ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಥೈರಾಯ್ಡ್ ಕಡಿಮೆಯಾಗಿದ್ದರೆ, ಮನಸ್ಸಿಗೆ ಖಿನ್ನತೆ ಕವಿದಿದ್ದರೆ ಚಿಕಿತ್ಸೆ ಇದೆ. ಆಲ್ಜೈಮರ್ ಎಂದೇ ಖಚಿತವಾದರೂ ಕೆಲವರಿಗೆ ಔಷಧದಿಂದ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಹಣ, ಆಸ್ತಿ, ಆರೈಕೆಯ ಬಗ್ಗೆ ಹಿರಿಯರ ಇಚ್ಛೆಯನ್ನು ಅವರಿಗೆ ತಿಳಿವಳಿಕೆ ಇರುವಾಗಲೇ ಕೇಳಿಕೊಳ್ಳುವ ಅವಕಾಶವೂ ಸಿಗುತ್ತದೆ.

ಖಾನಾಪುರ ಕಡೆಯವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಕೆ.ಎಲ್.ಇ. ಆಸ್ಪತ್ರೆ ಇವೆ. ಸುಮಾರು 80 ಕಿ.ಮೀ. ದೂರದ ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ-ಮನಸ್ 14416, ಎರಡೂ ಉಚಿತ.

ತಪಾಸಣೆಯ ದಿನ ಹಿರಿಯರಿಗೆ ‘ನಿಮ್ಮ ತಲೆ ಕೆಟ್ಟಿದೆಯೋ ನೋಡಿಸೋಣ’ ಎನ್ನಬಾರದು. ಕಣ್ಣು, ಬಿ.ಪಿ. ತೋರಿಸಿದಂತೆ ನೆನಪನ್ನೂ ತೋರಿಸಿ ಬರೋಣ ಎಂದರೆ ಸಾಕು. ಅಂಕ ಎಷ್ಟೇ ಬರಲಿ, ಅದನ್ನು ಅವರ ಎದುರು ಬಂಧುಗಳಿಗೆ ಹೇಳುತ್ತ ಕೂಡಬಾರದು. ಮಾತಿನಿಂದ ನೋಯಿಸುವುದೂ ಹಿಂಸೆಯೇ. ನೆನಪು ಕುಂದಿದವರಿಗೂ ಅವಮಾನ ತಿಳಿಯುತ್ತದೆ. ಅವರನ್ನು ಬಸದಿಗೆ ಕರೆತರುವುದನ್ನೂ ನಿಲ್ಲಿಸಬಾರದು. ಉಳಿದದ್ದೆಲ್ಲ ಮಸುಕಾದರೂ ಣಮೋಕಾರ ಅವರ ಬಾಯಲ್ಲಿ ಇರಬಹುದು. ಪಕ್ಕದಲ್ಲಿ ಕೈ ಹಿಡಿದು ಮನೆಗೆ ಕರೆದೊಯ್ಯುವವರು ಇದ್ದರೆ ಆಯಿತು.

ಜೈ ಜಿನೇಂದ್ರ.