ಶಾಸನದಲ್ಲಿ ಬರೆಯದ ಕೊಡುಗೆಗಳು



ನಮ್ಮ ಅಮರಾಪುರ ಸೀಮೆಯು ಹಿಂದಿನಿಂದಲೂ ಕೊಡುಗೈ ಸೀಮೆಯೆಂದರೆ ತಪ್ಪಾಗಲಾರದು. ಪಕ್ಕದ ಹೇಮಾವತಿ, ಅಂದರೆ ಅಂದಿನ ಹೆಂಜೇರು, ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿನ ಗುಡಿಗಳೂ ಕಂಬಗಳೂ ಅವರ ಔದಾರ್ಯವನ್ನು ಇಂದಿಗೂ ಸಾರುತ್ತಿವೆ. ಅಮರಾಪುರದಲ್ಲಿ ದೊರೆತ 1278ರ ಶಾಸನವೊಂದರಿಂದ, ಮಲ್ಲಿಸೆಟ್ಟಿ ಎಂಬಾತನು ತೈಲಂಗೆರೆಯ ಬ್ರಹ್ಮಜಿನಾಲಯದ ಪಾರ್ಶ್ವದೇವರಿಗೆ 2000 ಅಡಿಕೆ ಮರಗಳನ್ನು ದಾನವಾಗಿ ಬಿಟ್ಟ ಸಂಗತಿ ತಿಳಿದುಬರುತ್ತದೆ.

ಆದರೆ ಮಲ್ಲಿಸೆಟ್ಟಿಯ ಕಾಲದಲ್ಲೂ ಹಬ್ಬದ ದಿನ ನೆರೆಮನೆಗೆ ಹೋದ ಸಿಹಿಯನ್ನಾಗಲಿ, ಮಗಳ ಮಡಿಲಿಗೆ ಬಿದ್ದ ಬೆಲ್ಲದಚ್ಚನ್ನಾಗಲಿ ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ. ಅಂತಹ ಕೊಡುಗೆಗಳ ಚರಿತ್ರೆ ಉಳಿದಿರುವುದು ನಮ್ಮ ತಾಯಂದಿರ ಕೈಯಲ್ಲಿ ಮಾತ್ರ.

ತಂಬಿಟ್ಟನ್ನೇ ನೋಡೋಣ. ನೆನೆಸಿದ ಅಕ್ಕಿಯನ್ನು ನೆರಳಿನಲ್ಲಿ ಆರಿಸಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲದೊಡನೆ ಕಲಸಿ, ನಡುವೆ ಬೆರಳಿನಿಂದ ಕುಳಿ ಮಾಡಿ, ತುಪ್ಪದ ಬತ್ತಿಯಿಟ್ಟು ಹೊತ್ತಿಸಿದರೆ ಅದು ದೇವಿಗೆ ಆರತಿ. ದೀಪ ಶಾಂತವಾದ ಮೇಲೆ ಅದೇ ಪ್ರಸಾದ, ಬಂದ ನೆಂಟರಿಗೆ ತಿಂಡಿ. ಕೈಕೆಲಸವೂ ಅಡಿಗೆಯೂ ಪೂಜೆಯೂ ಒಂದೇ ಹಿಟ್ಟಿನ ಮುದ್ದೆಯಲ್ಲಿ ಕೂಡಿರುವ ಇಂತಹ ವಸ್ತು ಇನ್ನೊಂದು ಸಿಗುವುದು ಕಷ್ಟ. ನಾಗರ ಪಂಚಮಿಯ ಚಿಗಳಿಯಂತೂ ಇನ್ನೂ ಸರಳ. ಹುರಿದ ಎಳ್ಳು, ಬೆಲ್ಲ, ಒಂದು ಒರಳು ಇದ್ದರೆ ಸಾಕು.

ಈ ತಿಂಡಿಗಳು ಎಷ್ಟು ಹಳೆಯವು? ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡಿಗೆಗೊಂದು ಅಧ್ಯಾಯವೇ ಇದೆ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ರಚಿಸಿ, ಹಿಟ್ಟಿನ ತಿಂಡಿಗಳಿಗೆ ಮೊದಲ ಸ್ಥಾನ ಕೊಟ್ಟನು. ಆ ಕಾಲದಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿಗಳೇ ಗತಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇಂದು ಅನಂತಪುರ ಸೀಮೆಗೇ ಹೆಸರು ತಂದ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಹೀಗಾಗಿ ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆಯಲ್ಲಿ ಎಳ್ಳು ಮನೆಯ ಹಿರಿಯ, ಕಡಲೆಕಾಯಿ ಹೊರಗಿನಿಂದ ಬಂದು ಮನೆಯವನೇ ಆದ ಅಳಿಯ!

ತಿಂಡಿಯಿದ್ದ ಮೇಲೆ ಅದನ್ನು ಒಯ್ಯಲು ಪಾತ್ರವೂ ಬೇಕಷ್ಟೆ. ಹಳ್ಳದ ದಂಡೆಯ ಈಚಲ ಗರಿಯಿಂದ ಚಾಪೆ, ಬುಟ್ಟಿ. ಮೇದರ ಕೈಯಿಂದ ಬಿದಿರಿನ ಮೊರ. ಗೌರಿ ಹಬ್ಬಕ್ಕೆ ಮೊರಕ್ಕೆ ಅರಿಶಿನ ಬಳಿದು, ಬೇಳೆ, ಅಕ್ಕಿ, ಬೆಲ್ಲ, ಬಳೆ, ಕುಂಕುಮ ತುಂಬಿ, ಮೇಲೆ ಇನ್ನೊಂದು ಮೊರ ಮುಚ್ಚಿದರೆ ಬಾಗಿನ ಸಿದ್ಧ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳುಹಿಸಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಹೀಗೆ ಒಂದೇ ಬುಟ್ಟಿ ವರ್ಷವಿಡೀ ಎರಡು ಮನೆಗಳ ನಡುವೆ ಓಡಾಡುತ್ತಿತ್ತು.

ಈ ಬುಟ್ಟಿಗಳು ದಾಟಿದ ಗಡಿಗಳು ಹಲವು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರಪ್ರದೇಶ. 2022ರಲ್ಲಿ ಮಡಕಶಿರಾ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆದರೂ ಶಿರಾ, ಮಧುಗಿರಿ, ಪಾವಗಡದ ಕಡೆಗೆ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ, ಮಡಿಲಕ್ಕಿ ನಿಲ್ಲಲಿಲ್ಲ. ತೆಲುಗು ಮನೆಯಲ್ಲಿ ಚಿಗಳಿ 'ಚಿಮ್ಮಿಲಿ'ಯಾಗುತ್ತದೆ, ತಂಬಿಟ್ಟಿನ ಸೋದರಿ 'ಚಲಿಮಿಡಿ'ಯಾಗುತ್ತದೆ, ಬಾಗಿನ 'ವಾಯನ'ವಾಗುತ್ತದೆ. ಹೆಸರು ಎರಡಾದರೂ ರುಚಿ ಒಂದೇ.

ಇಂದು ಮೊರದ ಜಾಗಕ್ಕೆ ಪ್ಲಾಸ್ಟಿಕ್ ತಟ್ಟೆ, ತಂಬಿಟ್ಟಿನ ಜಾಗಕ್ಕೆ ಅಂಗಡಿಯ ಡಬ್ಬಿ ಬಂದಿದೆ. ದುಡಿಯುವ ಹೆಣ್ಣುಮಕ್ಕಳಿಗೆ ಬಿಡುವಿಲ್ಲದಿರುವುದೂ ಇದಕ್ಕೆ ಕಾರಣ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಒಂದು ಮಾತು. ಕಚೇರಿಯ ಕಾಗದ ತೆಲುಗಿನಲ್ಲಿ ಬರುವ ನಮ್ಮೂರುಗಳಲ್ಲಿ ಕನ್ನಡ ಬಹುಮಟ್ಟಿಗೆ ಬದುಕಿರುವುದು ಮನೆಯಲ್ಲಿ, ಅದರಲ್ಲೂ ಅಡಿಗೆಮನೆಯಲ್ಲಿ. ಚಿಗಳಿ ಮಾಡುವುದು ನಿಂತರೆ 'ಚಿಗಳಿ' ಎಂಬ ಮಾತೂ ಮಕ್ಕಳ ಬಾಯಿಂದ ಮರೆಯಾಗುತ್ತದೆ. ಮೊರ ಹೋದರೆ ಕೇರುವುದು, ಒನೆಯುವುದು ಎಂಬ ಕ್ರಿಯಾಪದಗಳೂ ಹೋಗುತ್ತವೆ.

ಆದ್ದರಿಂದ ಪ್ರತಿ ಮನೆಯವರೂ ಈ ಜಾತ್ರೆಯ ದಿನಗಳಲ್ಲಿ ಒಂದು ಕೆಲಸ ಮಾಡಬಹುದು. ಹಿರಿಯ ಮುತ್ತೈದೆಯರನ್ನೂ ಅಜ್ಜಿಯರನ್ನೂ ಕೂರಿಸಿಕೊಂಡು, ಅಕ್ಕಿ ಎಷ್ಟು ಪಾವು, ಬೆಲ್ಲ ಎಷ್ಟು, ಪಾಕದ ಹದವೇನು ಎಂದು ಕೇಳಿ, ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ. ಮಲ್ಲಿಸೆಟ್ಟಿಯ ಅಡಿಕೆ ಮರಗಳ ಲೆಕ್ಕ ನಮಗೆ ದೊರೆತದ್ದು ಯಾರೋ ಬರೆಸಿದ್ದರಿಂದ. ನಮ್ಮ ತಾಯಂದಿರ ಕೊಡುಗೆಯ ಲೆಕ್ಕವೂ ಮುಂದಿನವರಿಗೆ ದೊರೆಯಲಿ.