ಕಣದ ಹೊರಗೆ ನಿಂತವರ ಲೆಕ್ಕ

ಹೈದರಾಬಾದ್-ಸೋಲಾಪುರ ರಸ್ತೆ ಮೇಲಿನ ನಮ್ಮ ಮನ್ನಾಏಖೇಳ್ಳಿ ಕಡೆ ಮಂದಿಗೆ ಬಾಕ್ಸಿಂಗ್‌ಗಿಂತ ಕುಸ್ತಿಯೇ ಹತ್ತಿರ. ಜಾತ್ರೆಯೊಳಗ ಹಿರಿಯರು ಮೈಕಟ್ಟು ನೋಡಿ ಜೋಡಿ ಹಚ್ಚತಾರ, ಕಡೇ ಕುಸ್ತಿ ಗೆದ್ದವಗ ಬೆಳ್ಳಿ ಕಡಗ ಹಾಕತಾರ. ಆದರೂ ತನ್ನ ತೂಕದೊಳಗ ಸೋಲಿಲ್ಲದ ಬಾಕ್ಸರ್ ಯಾರು ಎಂಬ ವಾದ ಎದ್ದರೆ ನಮ್ಮ ಹುಡುಗರು ಬಿಡುವುದಿಲ್ಲ. ಒಬ್ಬ ಅಲಿ ಅಂತಾನ, ಇನ್ನೊಬ್ಬ 49ಕ್ಕೆ 49 ಗೆದ್ದ ಮಾರ್ಸಿಯಾನೊ ಅಂತಾನ. ನಮ್ಮ ಪ್ರಶ್ನೆ ಬೇರೆ. ಸೋಲಲಿಲ್ಲ, ಖರೆ. ಯಾರ ಕೂಡ ಕಾದಿ ಸೋಲಲಿಲ್ಲ? ಯಾರನ್ನು ಹೊರಗೆ ನಿಲ್ಲಿಸಿ ಸೋಲಲಿಲ್ಲ?

ಜಾನ್ ಸಲಿವನ್ 1882ರಿಂದ 1892ರವರೆಗೆ ಹೆವಿವೇಟ್ ಪಟ್ಟದ ಮೇಲೆ ಕುಂತ. ಕರಿಯರ ಕೂಡ ಕಾದುವುದಿಲ್ಲ ಎಂದು ಬಹಿರಂಗವಾಗಿಯೇ ಸಾರಿದ. ಅದೇ ಕಾಲಕ್ಕೆ ಪೀಟರ್ ಜಾಕ್ಸನ್ ಎಂಬ ಕರಿಯ ಮಲ್ಲನಿದ್ದ. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಚಾಂಪಿಯನ್ ಆದವನು. 1891ರಲ್ಲಿ ಜೇಮ್ಸ್ ಕಾರ್ಬೆಟ್ ಇವನ ಕೂಡ 61 ಸುತ್ತು ಕಾದಿದ, ಇಬ್ಬರೂ ಗೆಲ್ಲಲಿಲ್ಲ. ಮರುವರ್ಷ ಅದೇ ಕಾರ್ಬೆಟ್ ಸಲಿವನ್‌ನನ್ನು 21ನೇ ಸುತ್ತಿನಲ್ಲಿ ಕೆಡವಿದ. ಜಾಕ್ಸನ್‌ಗೆ ಮಾತ್ರ ವಿಶ್ವಪಟ್ಟದ ಪಂದ್ಯ ಕಡೇತನಕ ಸಿಗಲಿಲ್ಲ. ತೋಳಿನ ಬಲ ಕೇಳುವ ಮೊದಲೇ ಅವರು ಚರ್ಮದ ಬಣ್ಣ ಕೇಳಿದರು.

1908ರಲ್ಲಿ ಜಾಕ್ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಆ ಪಟ್ಟ ಗೆದ್ದ ಮೊದಲ ಕರಿಯನಾದ. 1910ರಲ್ಲಿ ಬಿಳಿಯರ ಆಸೆಯಾಗಿದ್ದ ಜೆಫ್ರೀಸ್‌ನನ್ನೂ ಕೆಡವಿದ. ಆ ಸಿಟ್ಟಿಗೆ ಅಮೆರಿಕದ ಊರೂರಲ್ಲಿ ಗಲಭೆ ಎದ್ದು ಕರಿಯರ ಜೀವ ಹೋದವು. 1915ರಲ್ಲಿ ಜಾನ್ಸನ್ ಸೋತ. ಆಮೇಲೆ 1937ರವರೆಗೆ, ಅಂದರೆ 22 ವರ್ಷ, ಯಾವ ಕರಿಯನಿಗೂ ಆ ಪಟ್ಟಕ್ಕೆ ಕಾದಲು ಬಿಡಲಿಲ್ಲ.

ಗೆಳೆಯರೇ, ಇಲ್ಲೊಂದು ಕಹಿ ಮಾತೂ ಅದ. ಸ್ಯಾಮ್ ಲ್ಯಾಂಗ್‌ಫರ್ಡ್ ಗಿಡ್ಡ ಆಳು. ತನಗಿಂತ ದೊಡ್ಡ ದೊಡ್ಡವರನ್ನು ಮಲಗಿಸಿದವನು. 1906ರಲ್ಲಿ ತನಗಿಂತ ಭಾರದ ಜಾನ್ಸನ್ ಎದುರು 15 ಸುತ್ತು ನಿಂತು ಸೋತ. ಪಟ್ಟ ಬಂದ ಮೇಲೆ ಜಾನ್ಸನ್ ಅವನಿಗೆ ಮತ್ತೊಂದು ಪಂದ್ಯ ಕೊಡಲೇ ಇಲ್ಲ. ಬಾಗಿಲು ಒಡೆದು ಒಳಹೋದವನೇ ಹಿಂದಿನವನಿಗೆ ಅಗಳಿ ಹಾಕಿದ. ಇದು ಅಮೆರಿಕಕ್ಕಷ್ಟೇ ಸೇರಿದ ಮಾತಲ್ಲ. ಮೊದಲು ಓದಿ ನೌಕರಿ ಹಿಡಿದ ನಾವೂ ಕೇಳಿಸಿಕೊಳ್ಳಬೇಕಾದದ್ದು.

ಹೆಣ್ಣುಮಕ್ಕಳ ಕತೆ ಇನ್ನೊಂದು. ಒಲಿಂಪಿಕ್ಸ್ ಬಾಕ್ಸಿಂಗ್ ಅವರಿಗೆ ತೆರೆದದ್ದೇ 2012ರಲ್ಲಿ. ಆಗ ಗಂಡಸರಿಗೆ 10 ತೂಕದ ವರ್ಗ, ಹೆಂಗಸರಿಗೆ ಬರೇ 3. ಮಣಿಪುರದ ರೈತಾಪಿ ಮನೆಯ ಮೇರಿ ಕೋಮ್ 48 ಕೆ.ಜಿ. ಮತ್ತು ಅದಕ್ಕೂ ಕೆಳಗಿನ ತೂಕದೊಳಗ ಆ ಹೊತ್ತಿಗೆ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದಳು. ಲಂಡನ್ನಿನಲ್ಲಿ ಅವಳ ತೂಕದ ವರ್ಗವೇ ಇಲ್ಲ! 51 ಕೆ.ಜಿ.ಯಲ್ಲಿ ತನಗಿಂತ ಭಾರದವರ ಕೂಡ ಕಾದಿ ಕಂಚು ತಂದಳು. ಆ ಕಂಚಿನ ತೂಕ ಎಷ್ಟು?

ಹಾಗಾದರೆ ಸೋಲಿಲ್ಲದವರು ಯಾರು? ನಮ್ಮ ಮತ ಜೋ ಲೂಯಿಗೆ. 1937ರಿಂದ 1949ರವರೆಗೆ ಪಟ್ಟ ಹಿಡಿದು, 25 ಸಲ ಉಳಿಸಿಕೊಂಡ. ಕರಿಯ ಬಿಳಿಯ ಎನ್ನದೆ ಎದುರಿಸಿದ. ಮಾರ್ಸಿಯಾನೊನ 49ನ್ನೂ ಒಪ್ಪುತ್ತೇವೆ, 1952ರಲ್ಲಿ ಕರಿಯ ಚಾಂಪಿಯನ್ ವಾಲ್ಕಾಟ್‌ನನ್ನು ಕೆಡವಿಯೇ ಅವನು ಪಟ್ಟಕ್ಕೆ ಬಂದ. ಸಲಿವನ್‌ನ ಹತ್ತು ವರ್ಷ ಮಾತ್ರ ಒಪ್ಪುವುದಿಲ್ಲ. ಮೇಷ್ಟ್ರುಗಳೇ, ಗೆದ್ದವರ ಪಟ್ಟಿ ಹೇಳಿಕೊಡುವಾಗ ಪಕ್ಕದಲ್ಲಿ ಪೀಟರ್ ಜಾಕ್ಸನ್ ಹೆಸರನ್ನೂ ಬರೆಸಿರಿ.